ಅಪ್‌ಡೇಟ್: ಕೊನೇ ಸುತ್ತಿನಲ್ಲಿ ಕೈತಪ್ಪಿದ ಕೆಲಸ

ಮೂರು ವಾರದ ಹಿಂದೆ ಕೇಳಿದ್ದೆ: ಮೂರು ಸುತ್ತು ಇಂಟರ್‌ವ್ಯೂ ದಾಟಿದ ಮೇಲೆ ‘ಬೇರೆಯವರನ್ನು ಆಯ್ಕೆ ಮಾಡಿದ್ದೇವೆ’ ಅಂತ ಮೇಲ್ ಬಂತು, ಮತ್ತೆ ಅರ್ಜಿ ಹಾಕೋಕೆ ಮನಸ್ಸೇ ಬರ್ತಿಲ್ಲ, ಏನು ಮಾಡಲಿ ಅಂತ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲ ನಾಲ್ಕು ದಿನ ಏನೂ ಮಾಡಲಿಲ್ಲ. ‘ಬೇಜಾರಾದರೆ ಆಗಲಿ, ತಡೀಬೇಡಿ’ ಅಂತ ಒಬ್ಬರು ಬರೆದಿದ್ದರಲ್ಲ, ಆ ಮಾತೇ ಹೆಚ್ಚು ಸಮಾಧಾನ ಕೊಟ್ಟಿದ್ದು. ಐದನೇ ದಿನ ಎಚ್‌ಆರ್‌ಗೆ ಎರಡೇ ಸಾಲು ಬರೆದೆ: ಅವಕಾಶಕ್ಕೆ ಧನ್ಯವಾದ, ನಾನು ಎಲ್ಲಿ ಸುಧಾರಿಸಬೇಕು ತಿಳಿಸ್ತೀರಾ? ಇಂಥದ್ದಕ್ಕೆ ಎಷ್ಟೋ ಕಡೆ ಉತ್ತರವೇ ಬರಲ್ಲ. ನನಗೆ ಫೋನೇ ಬಂತು. ಆಯ್ಕೆಯಾದವರು ಅದೇ ಸಂಸ್ಥೆಯ ಒಳಗಿನವರಂತೆ. ನನ್ನ ಕೊರತೆಯನ್ನೂ ಹೇಳಿದರು: “ಎಲ್ಲದಕ್ಕೂ ‘ನಾವು ಮಾಡಿದೆವು’ ಅಂದಿರಿ, ನೀವು ಮಾಡಿದ್ದೇನು ಅಂತ ತಿಳಿಯಲೇ ಇಲ್ಲ.”

ಹೌದಲ್ಲ! ಅವತ್ತೇ ನೋಟ್‌ಬುಕ್ ತೆಗೆದು ಹಳೇ ಪ್ರಾಜೆಕ್ಟ್‌ಗಳನ್ನೆಲ್ಲ ಬರೆಯುತ್ತಾ ಕೂತೆ. ಪರಿಸ್ಥಿತಿ ಹೇಗಿತ್ತು, ನನ್ನ ಹೊಣೆ ಏನಿತ್ತು, ನಾನು ಏನು ಮಾಡಿದೆ, ಅದರಿಂದ ಏನಾಯ್ತು. ‘ನಾವು’ ಅಂತ ಬಂದಲ್ಲೆಲ್ಲ ಗೀಟು ಹೊಡೆದು ‘ನಾನು’ ಅಂತ ಬರೆದೆ. ಆರು ಪುಟ ತುಂಬಿತು. ಇಷ್ಟೆಲ್ಲ ನಾನೇ ಮಾಡಿದ್ದಾ ಅನ್ನಿಸಿ ಕಣ್ಣು ಒದ್ದೆಯಾಯ್ತು.

ಕೆಲಸ ಇನ್ನೂ ಸಿಕ್ಕಿಲ್ಲ. ದಿನವಿಡೀ ಜಾಬ್ ಪೋರ್ಟಲ್ ನೋಡ್ತಾ ಕೂರೋದು ಬಿಟ್ಟಿದ್ದೇನೆ. ಅದಕ್ಕೆ ಬೆಳಿಗ್ಗೆ ಎರಡು ಗಂಟೆ ಮಾತ್ರ. ರಾತ್ರಿ ನಿದ್ದೆ ಬರ್ತಿದೆ, ನನಗೆ ಅದೇ ದೊಡ್ಡದು. ಗುರುವಾರ ಇನ್ನೊಂದು ಕಡೆ ಇಂಟರ್‌ವ್ಯೂ ಇದೆ. ಹೋಗಿ ಬಂದು ಬರೀತೀನಿ.