ಪದಚರ್ಚೆ: 'ಅಡ್ಸಾರ್ಪ್ಷನ್'ಗೆ ಕನ್ನಡ ಪದ ಬೇಕು (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಬಣ್ಣ ಹೊಡೆಯುವ ಶೆಡ್‌ನಲ್ಲಿ ಗಾಳಿ ಶುದ್ಧ ಮಾಡುವ ಯಂತ್ರದ ಕೈಪಿಡಿ ಅನುವಾದಿಸುತ್ತಿದ್ದೇನೆ. ಒಳಗಿರುವುದು ಸ್ಟೈರೀನ್, ಡೈವಿನೈಲ್‌ಬೆಂಜೀನ್ ಸೇರಿಸಿ ಮಾಡಿದ ಪಾಲಿಮರ್ ಮಣಿಗಳು. ಅವುಗಳ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಥಿನ್ನರ್‌ನ ಟಾಲುಯೀನ್, ಜೈಲೀನ್ ಆವಿ ಆ ತೂತುಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಮಾಡಿದರೆ ಬಿಟ್ಟುಬರುತ್ತದೆ, ಮಣಿ ಮತ್ತೆ ಕೆಲಸಕ್ಕೆ ಸಿದ್ಧ. ಹೀಗೆ ಅಂಟುವುದು ಅಡ್ಸಾರ್ಪ್ಷನ್, ಬಿಟ್ಟುಬರುವುದು ಡಿಸಾರ್ಪ್ಷನ್. ಎರಡಕ್ಕೂ ಪದ ಬೇಕು. ಯಂತ್ರದ ಮೇಲಿನ ಫಲಕಕ್ಕೂ ಅದೇ. ಓದುವವರು ಕೆಲಸಗಾರರು. ಸಂಜೆಯೊಳಗೆ ತಿಳಿಸಿದರೆ ಉಪಕಾರ.

---

'ಅಧಿಶೋಷಣೆ'. ಹಿಂದಿಯಲ್ಲಿ ಆಗಲೇ ನಡೆಯುತ್ತಿದೆ. ಸುಮ್ನೆ ಹೊಸದನ್ನು ಹುಟ್ಟಿಸುವುದು ಬೇಡ.

---

ಸರ್, ಒಪ್ಪಲಾರೆ. ಸಂಸ್ಕೃತದಲ್ಲಿ ಶೋಷಣ ಅಂದರೆ ಒಣಗಿಸುವುದು. ಇವತ್ತಿನ ಕನ್ನಡದಲ್ಲಿ ಅದು ಸುಲಿಗೆ. ದುಡಿಯುವವರ ಕಣ್ಣೆದುರು 'ಅಧಿಶೋಷಣೆ ಘಟಕ' ಅಂತ ಬರೆಯಬಾರದು.

ಕೆಲವರು ಹೇಳುವ 'ಮೇಲ್ಹೀರಿಕೆ'ಯೂ ಸರಿಯಲ್ಲ. ಹೀರು ಅನ್ನುವುದು ಹಳಗನ್ನಡದ ಪೀರ್. ಹೀರಿದ್ದು ಒಡಲಿಗೆ ಇಳಿಯಬೇಕು. ಇಲ್ಲಿ ಆವಿ ಮೈಗೆ ಅಂಟುತ್ತದೆ, ಅಷ್ಟೇ. ಒಡಲಿಗೆ ಇಳಿಯುವ ಅಬ್ಸಾರ್ಪ್ಷನ್‌ಗೂ ಇದಕ್ಕೂ ಇರುವ ವ್ಯತ್ಯಾಸ ತೋರಿಸಲೆಂದೇ 1881ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಖ್ ಕೈಸರ್ ಅಡ್ಸಾರ್ಪ್ಷನ್ ಎಂಬ ಬೇರೆ ಪದ ತಂದದ್ದು. ತಮಿಳಿನವರು 'ಪರಪ್ಪು ಕವರ್ದಲ್' ಅನ್ನುತ್ತಾರೆ; ಪರಪ್ಪು ಅಂದರೆ ಮೇಲ್ಮೈ. ಕವರ್ ನಮ್ಮ ಹಳಗನ್ನಡದಲ್ಲೂ ಇದೆ, ಸೆಳೆದು ಹಿಡಿಯುವುದು ಅಂತ. ಅದನ್ನೇ ಎತ್ತಿಕೊಳ್ಳಿ.

---

ಇವತ್ತು ಕವರ್ ಅಂದರೆ ಪ್ಲಾಸ್ಟಿಕ್ ಚೀಲ. ನಡೆಯಲ್ಲ.

ಲ್ಯಾಟಿನ್‌ನ ಸೋರ್ಬೆರೆ ಅಂದರೂ ಹೀರುವುದೇ ಅಲ್ವಾ? ಕೈಸರ್ ಬದಲಿಸಿದ್ದು ಮುಂದಿನ ಉಪಸರ್ಗ ಮಾತ್ರ. ಅವನಿಗೆ ಒಗ್ಗಿದ್ದು ನಮಗೇಕೆ ಒಗ್ಗಬಾರದು? 'ಮೇಲ್ಹೀರಿಕೆ'ಯಲ್ಲಿ 'ಮೇಲೆ' ಅನ್ನುವುದಕ್ಕೇ ನನ್ನ ತಕರಾರು. ಇಂಥ ಪಾಲಿಮರ್‌ಗಳಲ್ಲಿ ಕೆಲವಕ್ಕೆ ಒಂದು ಗ್ರಾಂಗೆ 1000 ಚದರ ಮೀಟರ್‌ಗೂ ಜಾಸ್ತಿ ಮೈ ಇದೆ. ಹೆಚ್ಚುಕಡಿಮೆ ಎಲ್ಲವೂ ತೂತುಗಳ ಒಳಗೆ! 'ಮೇಲ್ಮೈ' ಅಂದರೆ ಓದುವವರು ಮಣಿಯ ಹೊರಮೈ ಅಂದುಕೊಳ್ಳುತ್ತಾರೆ.

---

ಪಾಲಿಮರ್, ಟಾಲುಯೀನ್ ಹಾಗೇ ಬಿಟ್ಟಿದ್ದೀರಿ. ಅಡ್ಸಾರ್ಪ್ಷನ್ ಏನು ಪಾಪ ಮಾಡಿತು?

---

ವಸ್ತುವಿನ ಹೆಸರು ಎಲ್ಲಿಂದಾದರೂ ಬರಲಿ. ಕ್ರಿಯೆಗೆ ನಮ್ಮದೇ ಕ್ರಿಯಾಪದ ಬೇಕು. 'ಅಡ್ಸಾರ್ಬ್ ಮಾಡು', 'ಅಬ್ಸಾರ್ಬ್ ಮಾಡು' ಅಂತ ಫ್ಯಾನ್ ಸದ್ದಿನ ನಡುವೆ ಕೂಗಿ ನೋಡಿ, ಯಾರಿಗೂ ಬೇರೆಬೇರೆ ಕೇಳಿಸದು.

ಕೇಳಿದವರಿಗೆ: ಕೈಪಿಡಿಯಲ್ಲಿ ಒಮ್ಮೆ 'ತೂತಿನ ಗೋಡೆಗೆ ಆವಿ ಅಂಟುವುದು' ಅಂತ ವಿವರಿಸಿ. ಫಲಕಕ್ಕೆ 'ಆವಿ ಹಿಡಿಯುವ ಹಂತ', 'ಆವಿ ಬಿಡಿಸುವ ಹಂತ' ಸಾಕು. ಬಿಡಿಸುವಾಗ ಬರುವ ಆವಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕಿಸಿ.