ಸಹಾಯ ಬೇಕು: ಹಳೇ ಲ್ಯಾಪ್‌ಟಾಪ್ ಕೆಟ್ಟಿದೆ, ದುಡ್ಡು ವಾಪಸ್ ಕೇಳಬಹುದಾ?

ಆನ್‌ಲೈನ್ ಜಾಹೀರಾತು ನೋಡಿ ಒಬ್ಬರಿಂದ ಹಳೇ ಲ್ಯಾಪ್‌ಟಾಪ್ ತಗೊಂಡೆ. 18,000 ರೂಪಾಯಿ, ಯುಪಿಐನಲ್ಲಿ ಕೊಟ್ಟಿದ್ದೇನೆ. ಅಂಗಡಿಯವರಲ್ಲ, ಬಿಲ್ ಇಲ್ಲ. "ಒಮ್ಮೆಯೂ ರಿಪೇರಿಗೆ ಹೋಗಿಲ್ಲ" ಅಂತ ವಾಟ್ಸಾಪ್‌ನಲ್ಲಿ ಬರೆದಿದ್ದರು. ಈಗ ಸ್ವಲ್ಪ ಬಿಸಿಯಾದರೆ ಸಾಕು, ಆಫ್ ಆಗುತ್ತದೆ. ಬಿಚ್ಚಿಸಿದರೆ ಮದರ್‌ಬೋರ್ಡ್‌ನಲ್ಲಿ ಹಳೇ ಬೆಸುಗೆ, ಸುತ್ತ ನೀರಿನ ಕಲೆ. "ನೋಡಿಯೇ ತಗೊಂಡ್ರಲ್ವಾ" ಅಂತ ಮಾರಿದವರು ಕೈ ತೊಳೆದುಕೊಂಡರು. ಒಳಗಿನ ಬೆಸುಗೆ ಯಾರು ಬಿಚ್ಚಿ ನೋಡ್ತಾರೆ!

ಮಾರಿದವರು ವ್ಯಾಪಾರಿಯಲ್ಲ, ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಿಡಿದು ಹೋಗೋದು ಕಷ್ಟ. ಆದರೆ ಸುಳ್ಳು ಹೇಳಿ ಮಾರಿದ್ದಕ್ಕೆ 1872ರ ಕರಾರು ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವ್ಯವಹಾರ ರದ್ದು ಮಾಡಬಹುದಲ್ವಾ? ಮೊದಲು ವಕೀಲರ ನೋಟಿಸ್ ಕಳಿಸಲಾ, ಪೊಲೀಸ್ ದೂರು ಕೊಡಲಾ? ರಿಪೇರಿಯವರ ಹತ್ತಿರ ಏನೇನು ಬರೆಸಿಕೊಳ್ಳಬೇಕು? ಚಾಟ್ ಪೂರ್ತಿ ಇದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.