ಊಟದ ಮೂಲ ನೋಡಲು ಹೊಲಕ್ಕೆ ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ

ಹೊಸ ಗ್ರಾಹಕಿ: ನಾವು ತಿನ್ನುವ ತರಕಾರಿ, ಹಾಲು, ಮೊಟ್ಟೆ ಎಲ್ಲಿಂದ ಬರುತ್ತವೆ ಎಂಬುದನ್ನು ಕಣ್ಣಾರೆ ಕಂಡು, ಆಮೇಲೆ ಅಲ್ಲಿಂದಲೇ ಕೊಳ್ಳಬೇಕೆಂಬ ಆಸೆಯಿದೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಸ್ವಂತ ವಾಹನವಿಲ್ಲ. ಹೋದಾಗ ಏನನ್ನು ಗಮನಿಸಬೇಕು, ಏನನ್ನು ಕೇಳಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪಾಲುದಾರ: ಬಿತ್ತನೆಗೆ ಮುನ್ನವೇ ವರ್ಷದ ಹಣ ಕೊಟ್ಟು, ಬಂದ ಫಸಲಿನಲ್ಲಿ ವಾರಕ್ಕೊಂದು ಬುಟ್ಟಿ ಪಡೆಯುವ ಪದ್ಧತಿಯನ್ನು ನಾನು ಆರಿಸಿಕೊಂಡೆ. ಜಪಾನಿನಲ್ಲಿ 1970ರ ದಶಕದಲ್ಲಿ ‘ತೆಯ್ಕೆಯ್’ ಎಂಬ ಹೆಸರಿನಲ್ಲಿ ಬೆಳೆದ ಇಂಥದೇ ಏರ್ಪಾಟು ಅಮೆರಿಕದಲ್ಲಿ 1986ರಲ್ಲಿ ಆರಂಭವಾಯಿತು. ಹಣ ಕೊಡುವ ಮೊದಲು ಹೊಲ ನೋಡಲು ಹೋದಾಗ ನನ್ನನ್ನು ಒಪ್ಪಿಸಿದ್ದು ಹಸಿರು ಪಾತಿಗಳಲ್ಲ, ರೈತರು ನಾನು ಕೇಳುವ ಮೊದಲೇ ತೆರೆದಿಟ್ಟ ಸಿಂಪಡಣೆಯ ಪುಸ್ತಕ. ಯಾವ ಪಾತಿಗೆ ಯಾವ ದಿನ ಯಾವ ಔಷಧಿ, ಎಷ್ಟು ಪ್ರಮಾಣ, ಅದಾದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ಎಲ್ಲವೂ ಅವರದೇ ಕೈಬರಹದಲ್ಲಿತ್ತು. ಒಂದು ಪುಟದಲ್ಲಿ ನೀರು ಬಿದ್ದು ಶಾಯಿ ಹರಡಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಮೊದಲ ಬಿತ್ತನೆ ಮೊಳೆಯಲೇ ಇಲ್ಲ. ಎರಡನೆಯದು ಎದ್ದು ನಿಂತ ಹೊತ್ತಿಗೆ ಬಿಡದೆ ಮೋಡ ಕವಿದು, ಟೊಮೆಟೊಗೆ ಅಂಗಮಾರಿ ತಗುಲಿ, ಎಲೆಯ ಅಂಚಿನಲ್ಲಿ ಕಾಣಿಸಿಕೊಂಡ ಕಂದು ಮಚ್ಚೆ ಕಾಂಡಕ್ಕಿಳಿದು ಸಾಲಿಗೆ ಸಾಲೇ ಕೊಳೆಯಿತು. ಬುಟ್ಟಿಯಲ್ಲಿ ವಾರಗಟ್ಟಲೆ ಒಂದೇ ಬಗೆಯ ಸೊಪ್ಪು ಬಂತು, ಅದರಲ್ಲೂ ಅರ್ಧ ದಾರಿಯಲ್ಲೇ ಬಾಡಿರುತ್ತಿತ್ತು. ಉಳಿದದ್ದನ್ನು ಪೇಟೆಯಲ್ಲಿ ಕೊಂಡದ್ದರಿಂದ ತರಕಾರಿಗೆ ಎರಡು ಕಡೆ ದುಡ್ಡು ಸುರಿದಂತಾಯಿತು. ಕೆಲವು ಪಾಲುದಾರರು ಮುಂಗಡ ವಾಪಸು ಕೇಳಿದರು. ನಾನು ಕೇಳಲಿಲ್ಲ, ಮರುವರ್ಷವೂ ಪಾಲು ಕೊಂಡೆ, ಆ ಬಗ್ಗೆ ನನಗೆ ಹೆಮ್ಮೆಯಿದೆ. ಹೊಲವನ್ನೂ ಪುಸ್ತಕವನ್ನೂ ಕಂಡವನಿಗೆ ಸಾವಯವ ಪ್ರಮಾಣಪತ್ರ ಬೇಕಿಲ್ಲ.

ಸಾವಯವ ಕೃಷಿಕ: ಪಾಲುದಾರ ಅವರ ಕೊನೆಯ ವಾಕ್ಯ ನನ್ನಂಥವರ ಹೊಟ್ಟೆಯ ಮೇಲೆ ಹೊಡೆಯುವಂಥದ್ದು. ರಾಸಾಯನಿಕ ಬಿಟ್ಟ ಮರುದಿನವೇ ಯಾರೂ ಸಾವಯವ ಕೃಷಿಕರಾಗುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ವಾರ್ಷಿಕ ಬೆಳೆಗಳಿಗೆ 2 ವರ್ಷ, ಹಣ್ಣಿನ ಮರಗಳಂಥವಕ್ಕೆ 3 ವರ್ಷ ಪರಿವರ್ತನೆಯ ಅವಧಿಯಿದೆ. ಅಮೆರಿಕದಲ್ಲಿ ಎರಡಕ್ಕೂ 3 ವರ್ಷ. ನನ್ನ ಪರಿವರ್ತನೆಯ ಕಾಲದಲ್ಲಿ ಇಳುವರಿ ಕುಸಿಯಿತು, ಕಳೆ ಕೀಳುವ ಕೂಲಿ ಏರಿತು, ಆದರೂ ಬೆಳೆಯನ್ನು ಮಾಮೂಲಿ ದರಕ್ಕೇ ಮಾರಬೇಕಾಯಿತು. ಪಕ್ಕದ ಹೊಲದ ಸಿಂಪಡಣೆ ಗಾಳಿಯಲ್ಲಿ ತೇಲಿ ಬರಬಾರದೆಂದು ಬದುವಿನುದ್ದಕ್ಕೂ ಮರ ಬೆಳೆಸಲು ಒಳ್ಳೆಯ ನೆಲ ಬಿಟ್ಟುಕೊಟ್ಟೆ. ತಪಾಸಣೆಯ ಶುಲ್ಕ, ಮಣ್ಣಿನ ಪರೀಕ್ಷೆ, ಬೀಜದ ಪ್ರತಿಯೊಂದು ರಸೀದಿಯನ್ನು ಜೋಡಿಸಿಡುವ ಕೆಲಸ ಇದರ ಮೇಲಿನದು.

ಇಷ್ಟರ ಮೇಲೆ, ಕಣ್ಣಿನಿಂದ ನೋಡಿದರೆ ಸಾಕು ಎನ್ನುವವರಿಗೆ ನಾನು ಕೇಳುವುದಿಷ್ಟೇ: ಎಲೆಯ ಮೇಲಿನ ಕೀಟನಾಶಕದ ಶೇಷ ಕಣ್ಣಿಗೆ ಕಾಣುತ್ತದೆಯೇ? ಕೋಳಿಯ ಆಹಾರಕ್ಕೆ ಚೆಂಡುಹೂವಿನ ಸಾರ ಬೆರೆಸಿದರೆ, ಹೊರಗೆ ಕಾಲಿಡದ ಕೋಳಿಯ ಮೊಟ್ಟೆಯ ಹಳದಿಯೂ ಗಾಢವಾಗುತ್ತದೆ. ಆ ಬಣ್ಣ ನೋಡಿ ಬಯಲಲ್ಲಿ ಮೇದ ಕೋಳಿಯದೆಂದು ನಂಬಿ ಕೊಂಡುಹೋದವರನ್ನು ನಾನು ಬಲ್ಲೆ.

ಪಾಲುದಾರ: ಶುಲ್ಕ ಕಟ್ಟಲಾಗದ ಸಣ್ಣ ರೈತರೆಲ್ಲ ಮೋಸಗಾರರೇ? ರೈತರೂ ಗ್ರಾಹಕರೂ ಕೂಡಿ ಪರಸ್ಪರರ ಹೊಲಗಳನ್ನು ಪರಿಶೀಲಿಸುವ ಸಹಭಾಗಿ ಖಾತರಿ ಪದ್ಧತಿ ಅನೇಕ ದೇಶಗಳಲ್ಲಿ ನಡೆದಿದೆ. ತಮ್ಮ ಕಷ್ಟದ ಬಗ್ಗೆ ನನಗೆ ಗೌರವವಿದೆ, ಆದರೆ ಆ ಕಷ್ಟವನ್ನು ಇತರರ ಮೇಲೆ ಸಂಶಯವಾಗಿ ಹೊರಿಸಬೇಡಿ.

ಕೋಳಿ ಸಾಕುವವಳು: ನೋಡುವವರ ಮಾತೇ ಆಯಿತು, ತೋರಿಸುವವರ ಪಾಡನ್ನು ಯಾರೂ ಹೇಳಲಿಲ್ಲ. ನಾನು ಹೊಲವನ್ನು ಎಲ್ಲರಿಗೂ ತೆರೆದಿಟ್ಟಿದ್ದೆ. ಬಂದವರು ಸಸಿಯ ಮಡಿಗಳ ಮೇಲೆ ನಡೆದರು, ಗೇಟು ಮುಚ್ಚದೆ ಹೋದರು, ಒಂದು ಕುಟುಂಬ ಬೇರೊಂದು ಕೋಳಿ ಫಾರಂ ನೋಡಿಕೊಂಡು ಅದೇ ಚಪ್ಪಲಿಯಲ್ಲಿ ನೇರವಾಗಿ ನನ್ನ ಶೆಡ್ಡಿಗೆ ನುಗ್ಗಿತು. ರೋಗ ಪಾದರಕ್ಷೆಯಲ್ಲೂ ವಾಹನದ ಗಾಲಿಯಲ್ಲೂ ಪ್ರಯಾಣ ಮಾಡುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹರಡಿದಾಗ ಹೊಲಗಳ ನಡುವಿನ ಕಾಲುದಾರಿಗಳನ್ನೇ ಮುಚ್ಚಿದ್ದರು. ಅಂದು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಈಗ ಮೊದಲೇ ತಿಳಿಸಿ ಬಂದವರಿಗೆ ಮಾತ್ರ ಪ್ರವೇಶ, ಶೆಡ್ಡಿನ ಬಾಗಿಲಲ್ಲಿ ನಾನು ಕೊಟ್ಟ ಬೂಟು ಹಾಕಿಕೊಳ್ಳಲೇಬೇಕು. ಸುತ್ತಾಡಿಸುವ ಅರ್ಧ ದಿನದಲ್ಲಿ ನಿಂತುಹೋಗುವ ಕೆಲಸಕ್ಕೆ ಕೂಲಿ ಕೊಡುವವರು ಯಾರು? ಒಂದು ಡಜನ್ ಮೊಟ್ಟೆಯನ್ನೂ ಕೊಳ್ಳದೆ ಚಿತ್ರ ತೆಗೆದುಕೊಂಡು ಹೋಗುವವರೇ ಹೆಚ್ಚು.

ಮೊಮ್ಮಗನ ಅಜ್ಜಿ: ತಾಯಿ, ನಿಮ್ಮ ಪ್ರಾಣಿಗಳಿಗೆ ನಮ್ಮಿಂದ ಅಪಾಯವೆಂದಿರಿ. ನಿಮ್ಮ ಪ್ರಾಣಿಗಳಿಂದ ನಮ್ಮ ಮಕ್ಕಳಿಗೆ ಆಗುವುದನ್ನೂ ಕೇಳಿ. ನನ್ನ ಮೊಮ್ಮಗ ಒಂದು ಹೊಲದಲ್ಲಿ ಕರುವಿಗೆ ಬೆರಳು ಚೀಪಲು ಕೊಟ್ಟು, ಬಟ್ಟೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ತಿಂಡಿ ತಿಂದ. ಆಮೇಲೆ ರಕ್ತಭೇದಿಯಾಗಿ ಆಸ್ಪತ್ರೆ ಸೇರಿದ. ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೇ ಎಂದು ದಿನವೂ ರಕ್ತ ತೆಗೆಯುತ್ತಿದ್ದರು, ಅವನ ತಾಯಿ ಕೆಲಸ ಬಿಟ್ಟು ಪಕ್ಕದಲ್ಲೇ ಕುಳಿತಿದ್ದಳು. ಇ. ಕೋಲಿ ಓ157 ಎಂಬ ಆ ಸೂಕ್ಷ್ಮಜೀವಿ ದನದ ಹೊಟ್ಟೆಯಲ್ಲಿದ್ದರೂ ದನಕ್ಕೆ ಏನೂ ಆಗುವುದಿಲ್ಲವಂತೆ. ಸ್ಯಾನಿಟೈಸರ್ ಸಾಲದು, ಹರಿಯುವ ನೀರು ಮತ್ತು ಸೋಪು ಬೇಕು. ಆ ಹೊಲದಲ್ಲಿ ನಲ್ಲಿಯೇ ಇರಲಿಲ್ಲ, ಆದರೆ ಕಾಯಿಸದ ಹಾಲನ್ನು ಲೋಟದಲ್ಲಿ ತುಂಬಿಸಿ ಮಕ್ಕಳಿಗೆ ಕೊಟ್ಟರು.

ಪಾಲುದಾರ: ಆರೋಗ್ಯವಂತ ಹಸುವಿನ ಹಸಿ ಹಾಲಿಗೆ ಹೆದರುವ ಕಾರಣವಿಲ್ಲ.

ಮೊಮ್ಮಗನ ಅಜ್ಜಿ: ಆರೋಗ್ಯವಂತ ಹಸುವೇ ಅದನ್ನು ಹೊತ್ತಿರುತ್ತದೆಂದು ಈಗಷ್ಟೇ ಬರೆದೆನಲ್ಲ! ತಾವು ಓದದೆ ಉತ್ತರಿಸುತ್ತಿದ್ದೀರಿ.

ಕೋಳಿ ಸಾಕುವವಳು: ಅಜ್ಜಿಯವರೇ, ಮಗುವಿಗೆ ಹಾಗಾದದ್ದು ಕೇಳಿ ಸಂಕಟವಾಯಿತು. ಆದರೆ ನಲ್ಲಿ, ಸೋಪು, ಬೂಟು ಎಲ್ಲವೂ ರೈತರ ಖರ್ಚಿನಲ್ಲೇ ಆಗಬೇಕೆಂದರೆ ಪ್ರವೇಶಕ್ಕೆ ಶುಲ್ಕ ಇಡಬೇಕಾಗುತ್ತದೆ, ಇಟ್ಟರೆ ಸುಲಿಗೆ ಎನ್ನುತ್ತಾರೆ.

ಮೊಮ್ಮಗನ ಅಜ್ಜಿ: ಶುಲ್ಕ ಇಡಿ, ಕೊಡುತ್ತೇವೆ. ನಲ್ಲಿ ಹಾಕಿಸುವವರೆಗೆ ಮಕ್ಕಳನ್ನು ಒಳಗೆ ಬಿಡಬೇಡಿ.